ಒಂದೇ ಕಡತ

"ಈ ಸಲಾನೂ ಒಬ್ಬೊಬ್ರ ಮೇಲ್‌ಗಳೆಲ್ಲಾ ಒಂದೇ ಫೈಲಾ ಸಾ, ಇಲ್ಲಾ ಕಾಗ್ದಕ್ಕೊಂದು ಫೈಲಾ?"

ಕೊಳ್ಳೇಗಾಲದ ಬೀಜ ಸಂಘಕ್ಕೆ ಹೊಸ ಯುನಿಕ್ಸ್ ಮೇಲ್ ಸರ್ವರ್ ಕೂರಿಸುತ್ತಿದ್ದ ಭವ್ಯ ಕೇಳಿದಳು. ಹಿಂದಿನ ಸಲ ಇದೇ ಪ್ರಶ್ನೆಗೆ ವ್ಯವಸ್ಥಾಪಕ ಶಿವನಂಜಯ್ಯ ತಟ್ಟನೆ ಉತ್ತರ ಕೊಟ್ಟಿದ್ದರು. ಮೂವತ್ತು ವರ್ಷ ಕಾಗದಕ್ಕೆ ತೂತು ಹೊಡೆದು ದಾರ ಪೋಣಿಸಿದ ಕೈ ಅವರದು. "ಒಬ್ಬೊಬ್ರದ್ದೂ ಒಂದೇ ಕಡತ ಇರ್ಲಿ ಕಣವ್ವಾ. ಬಿಡಿ ಕಾಗ್ದ ಗಾಳಿ ಪಾಲಾಯ್ತದೆ" ಅಂದಿದ್ದರು. "ಒಂದ್ ಮೇಲ್ ಅಳಿಸಿದ್ರೂ ಯಂತ್ರ ಇಡೀ ಕಡತ ತಿರುಗಿ ಬರೀಬೇಕು ಸಾ, ಆಗ ಕರೆಂಟ್ ಓದ್ರೆ ಎಲ್ಲಾ ಓಯ್ತದೆ" ಎಂದು ಅವಳು ಎಚ್ಚರಿಸಿದಾಗ ನಕ್ಕುಬಿಟ್ಟಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಅವರ ಆ ಒಂದೇ ಕಡತದಲ್ಲಿ ಯಶೋದ ಇದ್ದಳು. ಶಿವನಂಜಯ್ಯನವರ ಹೆಂಡತಿ, ಸಂಘದ ಹನೂರು ಉಗ್ರಾಣದ ಗುಮಾಸ್ತೆ. ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟದ ಗಂಡನಿಗೆ ಅವಳೇ ಒಂದು ದಾರಿ ಕಂಡುಕೊಂಡಿದ್ದಳು. ದಿನಾ ಸಂಜೆ ಅವರೊಬ್ಬರಿಗೇ ಕಳಿಸುವ ದಾಸ್ತಾನು ವರದಿಯಲ್ಲಿ, ರಾಗಿ ಇಷ್ಟು ಚೀಲ, ಅವರೆ ಇಷ್ಟು ಎಂದಾದ ಮೇಲೆ, ಕೆಳಗೆ ಎರಡು ಸಾಲು: 'ಆರೂವರೆ ಬಸ್ಸಿಗೆ ಬತ್ತೀನಿ. ಮಾತ್ರೆ ನುಂಗಿದ್ರಾ?' 'ಬದ್ನೆಕಾಯಿ ಇಲ್ಲೇ ತಕಂಡಿವ್ನಿ, ನೀವು ತರಬ್ಯಾಡಿ.' ಒಂಬತ್ತು ವರ್ಷ. ಒಂದಕ್ಕೂ ಅವರು ಉತ್ತರ ಬರೆದವರಲ್ಲ. ಒಂದನ್ನೂ ಅಳಿಸಿದವರೂ ಅಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ಯಶೋದ ನಿಂತ ಕಾಲಲ್ಲೇ ಹೋಗಿಬಿಟ್ಟಳು. ಸಿಬ್ಬಂದಿ ತೀರಿಕೊಂಡರೆ ಎಲ್ಲರಿಗೂ ಸುತ್ತೋಲೆ ಕಳಿಸುವುದು ವ್ಯವಸ್ಥಾಪಕರ ಕೆಲಸ. ಹನ್ನೊಂದನೆಯ ದಿನ ಮುಗಿಸಿ ಬಂದವರು ತಾವೇ ಕೂತು ಟೈಪು ಮಾಡಿದರು. ಎಲ್ಲರಿಗೂ ಹೋದದ್ದು ಅವರಿಗೂ ಬಂತು. ಅವಳ ಕೊನೆಯ ವರದಿ ಇದ್ದ ಕಡತದಲ್ಲೇ ಬಂದು ಕೂತಿತು. ಅವೆರಡು ಒಟ್ಟಿಗಿರುವುದನ್ನು ಅವರಿಂದ ನೋಡಲಾಗಲಿಲ್ಲ. ಸುತ್ತೋಲೆಯನ್ನು ಅಳಿಸಿದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಸರ್ವರಿನ ಬ್ಯಾಟರಿ ಮೊದಲೇ ಕೆಟ್ಟಿತ್ತು. ಕರೆಂಟು ಬಂದಾಗ ಕಡತ ಬರಿದಾಗಿತ್ತು.

"ಕಾಗ್ದಕ್ಕೊಂದು ಮಾಡವ್ವಾ" ಅಂದರು ಶಿವನಂಜಯ್ಯ ಈ ಸಲ. "ಒಂದು ಓದ್ರೆ ಒಂದೇ ಓಗ್ಲಿ." ಆಮೇಲೆ ಮೆಲ್ಲಗೆ, "ಹಳೇದ್ರಲ್ಲಿ ಏನಾರ ಸಿಕ್ತಾ?"

"ನಿಮ್ಮ ಕಡತದಲ್ಲಿ ಏನೂ ಉಳ್ದಿಲ್ಲ ಸಾ. ಅಮ್ಮಾವ್ರು ಕಳಿಸಿದ್ದರ ನಕಲು ಇಟ್ಕತಾ ಇರ್ನಿಲ್ಲ."

"ಬೇರೇರ ಕಡತದಲ್ಲಿ? ಅವಳ ಎಸ್ರು ಆಕಿ ಹುಡುಕವ್ವಾ. ಒಂದಾದ್ರೂ ಇರ್ಬೋದು."

"ಹುಡುಕ್ದೆ ಸಾ." ಭವ್ಯ ತಲೆ ತಗ್ಗಿಸಿದಳು. "ಮೂವತ್ತೆರಡು ಸಿಕ್ವು."

ಶಿವನಂಜಯ್ಯನವರ ಮುಖ ಅರಳಿತು. ಅವಳು ಇನ್ನೇನೋ ಹೇಳುವಷ್ಟರಲ್ಲಿ ಕನ್ನಡಕ ಒರೆಸಿ ಕುರ್ಚಿ ಎಳೆದುಕೊಂಡರು. ಮೊದಲನೆಯದನ್ನು ತೆರೆದರು. ಎರಡನೆಯದು, ಮೂರನೆಯದು. ಸಂಘದ ಉಳಿದ ಮೂವತ್ತೆರಡು ಜನರ ಕಡತಗಳಲ್ಲೂ ಒಂದಕ್ಷರ ಹಾಳಾಗದೆ ಭದ್ರವಾಗಿತ್ತು: 'ಹನೂರು ಉಗ್ರಾಣದ ಗುಮಾಸ್ತೆ ಯಶೋದ ಅವರು ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇನೆ.' ಪ್ರತಿಯೊಂದರ ಕೆಳಗೂ ಅವರದೇ ಹೆಸರು.