ಜೋಡಿ ಚೀಲ

ಹೊರಡುವ ದಿನ ಬೆಳಿಗ್ಗೆ ಎಕಾರ್ಟ್ ಸ್ನಾನದ ತೊಟ್ಟಿಯ ಮುಂದೆ ಮಂಡಿಯೂರಿ ಕೂತು, ಸೈಕಲ್ಲಿನ ಹಿಂಚಕ್ರದ ಎಡಬಲಕ್ಕೆ ತೂಗುಹಾಕುವ ಜೋಡಿ ಚೀಲದಲ್ಲಿ ಒಂದನ್ನು ಎರಡೂ ಕೈಯಿಂದ ನೀರಿನಲ್ಲಿ ಅದುಮಿ ಹಿಡಿದಿದ್ದ. ಒಳಗೆ ನಿನ್ನೆಯ ಪತ್ರಿಕೆ ಮಡಿಸಿ ಇಟ್ಟಿದ್ದ. ಹತ್ತು ನಿಮಿಷದ ಮೇಲೆ ತೆಗೆದು ನೋಡುವುದು, ಪತ್ರಿಕೆಯ ಒಂದು ಮೂಲೆ ಒದ್ದೆಯಾಗಿದ್ದರೂ ಚೀಲ ಅಂಗಡಿಗೆ ವಾಪಸ್ಸು. ಹೀಗೆ ಮೂರು ಜೋಡಿ ಹೋಗಿದ್ದವು. ಇದು ನಾಲ್ಕನೆಯದು.

ಅವನ ಹೆಂಡತಿ ವೀಬ್ಕೆ ಬಾಗಿಲಿಗೆ ಒರಗಿ ನಿಂತಿದ್ದಳು. "ನಾವು ಹೋಗ್ತಿರೋದು ನದಿ ಪಕ್ಕದಲ್ಲಿ ಮಾರಾಯ, ನದಿ ಒಳಗಲ್ಲ."

"ಮಳೆ ಬಂದ್ರೆ?"

"ಬಂದ್ರೆ ನೆನೀತೀವಿ. ನಾವಿಬ್ರೂ ತೊಪ್ಪೆ ಆಗಿ ಚೀಲ ಒಂದು ಒಣಗೇ ಇದ್ರೆ ನಿಂಗೆ ಸಮಾಧಾನಾನಾ?"

ಎಕಾರ್ಟ್ ಗಡಿಯಾರ ನೋಡುತ್ತಿದ್ದ. ಭೂಮಾಪನ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಕಂಡವರ ಬೇಲಿ ಅಳೆದು ನಿವೃತ್ತನಾದ ಮನುಷ್ಯ. ಪಸ್ಸಾವ್‌ನಿಂದ ಬುಡಾಪೆಸ್ಟ್ ತನಕ ಡ್ಯಾನ್ಯೂಬ್ ನದಿಯ ಗುಂಟ ಇಬ್ಬರೂ ಸೈಕಲ್ ತುಳಿಯೋಣ ಎಂದು ಮಾತು ಕೊಟ್ಟು ಮೂರು ಬೇಸಿಗೆ ಕಳೆದಿದ್ದವು. ಮೂರರಲ್ಲೂ ಚೀಲದ ವಿಚಾರದಲ್ಲಿ ಮೀನ ಮೇಷ ಎಣಿಸಿದ್ದೇ ಆಯಿತು. ಬರುವ ಸೆಪ್ಟೆಂಬರಿನಲ್ಲಿ ವೀಬ್ಕೆಯ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ದೂರದ ಸವಾರಿಯ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಜನವರಿಯಲ್ಲೇ ಅವಳು ಪಸ್ಸಾವ್‌ಗೆ ಹೋಗುವ ರೈಲಿನಲ್ಲಿ ಎರಡು ಸೈಕಲ್ಲಿಗೆ ಜಾಗ ಕಾದಿರಿಸಿದ್ದಳು. ರೈಲು ಹತ್ತೂ ನಲವತ್ತಕ್ಕೆ. ಇದು ತಪ್ಪಿದರೆ ಬೇಸಿಗೆ ಮುಗಿಯುವ ತನಕ ಒಂದು ಸೈಕಲ್ಲಿಗೂ ಜಾಗವಿರಲಿಲ್ಲ.

"ಒಣಗೇ ಇದೆ!" ಎಂದು ಎಕಾರ್ಟ್ ಪತ್ರಿಕೆ ಎತ್ತಿ ಹಿಡಿದ.

ವೀಬ್ಕೆಗೆ ಹೋದ ಜೀವ ಬಂದಂತಾಯಿತು. ಅಡುಗೆಮನೆಗೆ ಓಡಿ ಬ್ರೆಡ್ಡಿಗೆ ಬೆಣ್ಣೆ ಸವರಿದಳು, ನಾಲ್ಕು ಮೊಟ್ಟೆ ಬೇಯಿಸಿ ಕಟ್ಟಿದಳು. ಅಂಗಳಕ್ಕೆ ಬಂದು ನೋಡಿದರೆ ಗಂಡ ಚೀಲವನ್ನು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿ, ಮೂಗು ತಾಗುವಷ್ಟು ಬಗ್ಗಿ ಅಲ್ಲಾಡಿಸುತ್ತಿದ್ದ.

"ಅಲ್ಲಾಡುತ್ತೆ ಕಣೇ."

"ಎಷ್ಟು?"

"ಎರಡು ಮಿಲಿಮೀಟರ್."

"ನನ್ನ ದವಡೆ ಹಲ್ಲು ಅದಕ್ಕಿಂತ ಅಲ್ಲಾಡುತ್ತೆ. ಅದನ್ನಿಟ್ಕೊಂಡೇ ಊಟ ಮಾಡ್ತಿಲ್ವಾ?"

"ತಮಾಷೆ ಅಲ್ಲ. ಬೇರೆ ಕಂಪನಿದು ತರಿಸ್ತೀನಿ. ಮುಂದಿನ ವಾರ ಹೊರಟ್ರಾಯ್ತು."

"ಮುಂದಿನ ವಾರ ರೈಲಲ್ಲಿ ಜಾಗ ಎಲ್ಲಿದೆ?"

"ಅವಸರ ಮಾಡಿದ್ರೆ ಸರಿಯಾದ ಚೀಲ ಸಿಗಲ್ಲ."

ವೀಬ್ಕೆ ಸೀದಾ ಒಳಗೆ ಹೋದಳು. ಶನಿವಾರದ ಸಂತೆಯಿಂದ ಆಲೂಗೆಡ್ಡೆ ಹೊತ್ತು ತರುತ್ತಿದ್ದ ಎರಡು ಹಳೆಯ ಕ್ಯಾನ್ವಾಸ್ ಚೀಲಗಳನ್ನು ನೆಲಮಾಳಿಗೆಯಿಂದ ತಂದು, ಮಣ್ಣು ಕೊಡವಿದಳು. ಪ್ಲಾಸ್ಟಿಕ್ ಕಸ ತುಂಬಲು ನಗರಸಭೆಯವರು ಪುಕ್ಕಟೆ ಕೊಡುವ ತೆಳ್ಳನೆಯ ಹಳದಿ ಚೀಲವನ್ನು ಎರಡೆರಡು ಪದರ ಮಾಡಿ ಒಳಗೆ ಹಾಕಿದಳು. ಮಹಡಿಗೆ ಹೋಗಿ ಎರಡನ್ನೂ ತುಂಬಿಸಿಕೊಂಡು ಬಂದು, ತನ್ನ ಸೈಕಲ್ಲಿಗೆ ಬಿಗಿದಳು. ಮೂರು ವರ್ಷದ ಸಂಶೋಧನೆಗೆ ಬಗ್ಗದ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು.

ಎಕಾರ್ಟ್‌ಗೆ ನಾಚಿಕೆಯಾಯಿತು, ಅದೂ ಅವಳ ಪರವಾಗಿ. "ಇದರಲ್ಲಿ ಹೋಗ್ತೀಯಾ? ನೋಡಿದೋರು ನಗ್ತಾರೆ."

"ನಗ್ಲಿ ಬಿಡು. ದಾರೀಲಿ ಹೋಗೋರನ್ನ ನೋಡಿ ನಗ್ತಾರೆ. ಬಚ್ಚಲಲ್ಲಿ ಕೂತೋರನ್ನ ಯಾರೂ ನೋಡೋದೂ ಇಲ್ಲ. ನೀನು ಬರೀ ಸೈಕಲ್ ತಗೊಂಡು ಬಾ, ಸಾಕು."

"ಚೀಲ ಇಲ್ದೆ ಪ್ರವಾಸಾನಾ?" ಎಂದು ಅವನು ಗಾಬರಿಯಿಂದ ಕೇಳಿದ. ಅವಳು ಪೆಡಲ್ ತುಳಿದು ಹೊರಟೇ ಬಿಟ್ಟಳು.

ರೈಲಿನಲ್ಲಿ ಸೈಕಲ್ ನಿಲ್ಲಿಸಬೇಕಾದರೆ ಚೀಲ ಬಿಚ್ಚಬೇಕು. ವೀಬ್ಕೆ ಎರಡನ್ನೂ ಬಿಚ್ಚಿ ಬಾಗಿಲ ಬಳಿ ಇಟ್ಟುಕೊಂಡು ನಿಂತಳು. ಅವಳ ಸೈಕಲ್ಲಿನ ಪಕ್ಕದ ಜಾಗ ಖಾಲಿಯಿತ್ತು. ಇನ್ನು ನಾಲ್ಕು ನಿಮಿಷ ಇದೆ ಎನ್ನುವಾಗ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಎಕಾರ್ಟ್ ಓಡಿ ಬರುವುದು ಕಾಣಿಸಿತು. ಅಯ್ಯೋ, ಸುಮ್ಮನೆ ಬೈದೆನಲ್ಲ ಎಂದುಕೊಂಡು ಅವಳು ಬಾಗಿಲಿಂದ ಕೈ ಬೀಸಿದಳು.

"ಸೈಕಲ್ ಎಲ್ಲೋ?"

"ಸೈಕಲ್ ಮನೇಲಿದೆ," ಎಂದು ಏದುಸಿರು ಬಿಡುತ್ತ ಅವನು ಜೇಬಿನಿಂದ ಸಾಮಾನು ತೂಗುವ ಕೊಕ್ಕೆ ತಕ್ಕಡಿ ತೆಗೆದ. "ತೂಕ ನೋಡೋದೇ ಮರ್ತೆ. ಎಡಬಲ ಸಮ ಇಲ್ದಿದ್ರೆ ಇಳಿಜಾರಲ್ಲಿ ವಾಲುತ್ತೆ, ಗೊತ್ತಾ?" ಅವಳು ಬಾಯಿ ತೆರೆಯುವ ಮೊದಲೇ ಎರಡೂ ಚೀಲವನ್ನು ಎತ್ತಿ ತೂಗಿದ. "ಬಲಗಡೆದು ಐದು ಕಿಲೋ ಎಂಟುನೂರು. ಎಡಗಡೆದು ಏಳು ಕಿಲೋ ಒಂಬೈನೂರು! ಏನು ತುಂಬಿದೀಯ ಇದಕ್ಕೆ?"

ವೀಬ್ಕೆ ಅವನ ಮುಖವನ್ನೇ ನೋಡಿದಳು. ಆಮೇಲೆ ಎಡಗಡೆಯ ಚೀಲ ಬಿಚ್ಚಿ, ಅವನ ನೀಲಿ ಸ್ವೆಟರ್, ಎರಡು ಅಂಗಿ, ಪೈಜಾಮ, ಕ್ಷೌರದ ಪೆಟ್ಟಿಗೆ, ರಕ್ತದೊತ್ತಡದ ಮಾತ್ರೆಯ ಡಬ್ಬಿ ಒಂದೊಂದಾಗಿ ತೆಗೆದು ಅವನ ತೋಳಿನ ಮೇಲೆ ಪೇರಿಸಿದಳು.

"ಈಗ ತೂಗು," ಎಂದಳು.

ಎಕಾರ್ಟ್ ಆ ಬಟ್ಟೆಬರೆಯನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಳಿಸಿ, ಚೀಲವನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ಮುಳ್ಳು ನೋಡಿದ. ಅವನ ಮುಖ ಅರಳಿತು. ಮುಚ್ಚುತ್ತಿದ್ದ ಬಾಗಿಲಿನೊಳಗೆ ಚೀಲವನ್ನು ತೂರಿಸುತ್ತ ಕೂಗಿದ:

"ಈಗ ನೋಡು, ಸರಿಯಾಗಿ ಹೊಂದ್ಕೊಳ್ತು!"