ಅಳಿಸಿಹೋದ ಹೆಸರು

ಇವತ್ತೂ ಯುವರಾಜನ ಹೆಸರು ಮಾಯವಾಗಿತ್ತು. ಕೈಪಿಡಿಯ ಮಾದರಿ ಪುಟದಲ್ಲಿ ಬೀರಣ್ಣ ಇದ್ದ, ಮಲ್ಲಯ್ಯ ಇದ್ದ. ‘ಕುರಿ ಸಾಕುವವರು: ಯುವರಾಜ’ ಎಂದಿದ್ದ ಕಡೆ ಮಾತ್ರ ‘ಅವರು’ ಎಂದಿತ್ತು. ಗೌರವ ಬೇರೆ! ಶಾಲಿನಲ್ಲಿ ಸುತ್ತಿ ಚಪ್ಪಲಿಯಲ್ಲಿ ಹೊಡೆದ ಹಾಗೆ. ತಿದ್ದಿದ್ದು ಅದೇ ‘ಕರಿಕಂಬಳಿ’ ಎಂಬ ಗುಪ್ತನಾಮ.

ಕುರಿಗಳ ಲಸಿಕೆಯ ದಿನ ನೆನಪಿಸುವ ಓಪನ್ ಸೋರ್ಸ್ ಆ್ಯಪ್ ಒಂದಿತ್ತು. ಅದರ ಕನ್ನಡ ಕೈಪಿಡಿಯನ್ನು ಸೊಲ್ಲಾಪುರದ ತನ್ನ ಮನೆಯಲ್ಲಿ ಕೂತು ಯುವರಾಜ ಒಬ್ಬನೇ ಬರೆದಿದ್ದ. ‘ತಪ್ಪು ಕಂಡರೆ ನೀವೇ ತಿದ್ದಿ, ಎಲ್ಲರಿಗೂ ಸ್ವಾಗತ’ ಎಂದು ಊರೂರಿಗೆ ಸಾರಿದವನೂ ಅವನೇ. ಬೀದಿಯ ಮಾರಿಯನ್ನು ಮನೆಗೆ ಕರೆದಂತಾಯಿತು. ಕರಿಕಂಬಳಿ ಬಂತು, ‘ಜಂತುನಾಶಕ’ ಹೋಗಿ ‘ಹುಳದ ಔಷಧ’ ಆಯಿತು, ಓದಿದವರೆಲ್ಲ ಭಲೆ ಎಂದರು. ಭಾನುವಾರ ಅಕ್ಕಲಕೋಟೆಯಲ್ಲಿ ಆ್ಯಪ್ ಬಳಗದ ಸಭೆ. ಕೈಪಿಡಿಯ ಹೊಣೆ ಯಾರಿಗೆಂದು ಅಲ್ಲೇ ತೀರ್ಮಾನ. ಎಲ್ಲರ ಬಾಯಲ್ಲೂ ಕರಿಕಂಬಳಿ. ಯುವರಾಜ ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದ.

“ನಮ್ಮ ಬಳಗದಾಗಿನ ಕುಂಭಾರಿ ಊರ ಅಮೋಲಂದೇ ಈ ಕೆಲಸ,” ಎಂದು ಹೆಂಡತಿ ಶ್ರದ್ಧಾಳಿಗೆ ಹೇಳಿದ. “ನನ್ನ ಹೆಸರ ಕಂಡ್ರ ಅವ್ನ ಕಣ್ಣಾಗ ಖಾರ ಬೀಳ್ತೈತಿ.”

“ಎಲ್ಲಾರೂ ಬರ್ರಿ ಅಂತ ಕರದವರು ನೀವೇ ಅಲ್ಲೇನ್ರಿ?” ಎಂದಳು ಶ್ರದ್ಧಾ. ಚಪಳಗಾಂವದಲ್ಲಿ ಕುರಿಗಳ ನಡುವೆ ಬೆಳೆದವಳು. “ಬಂದವರ ಮ್ಯಾಲ ಯಾಕ ಸಿಟ್ಟು?”

“ಕರದದ್ದು ತಿದ್ದಾಕ. ನನ್ನ ಅಳಸಾಕಲ್ಲ!”

ಗ್ಯಾಸಿನವನು ಬಂದ. ಸಿಲಿಂಡರ್ ಯಾರ ಹೆಸರಿಗಿದೆ ಎಂದು ಮರಾಠಿಯಲ್ಲಿ ಕೇಳಿದ. ಶ್ರದ್ಧಾ ಬಾಗಿಲ ಮೇಲಿನ ಗಂಡನ ಹೆಸರಿನ ಫಲಕಕ್ಕೆ ಬೆರಳು ತೋರಿಸಿ ಸಿಲಿಂಡರ್ ಇಳಿಸಿಕೊಂಡಳು. ಯುವರಾಜ ತಲೆ ಎತ್ತಲಿಲ್ಲ. ಹಲ್ಲು ಕಡಿಯುತ್ತ ಮೊಬೈಲಿನಲ್ಲಿ ಬರೆಯುತ್ತಿದ್ದ: ‘ಕರಿಕಂಬಳಿ, ಧೈರ್ಯವಿದ್ದರೆ ಬರೆದವನ ಹೆಸರು ಹಾಕು. ಇಲ್ಲದಿದ್ದರೆ ನಿನ್ನ ಒಂದಕ್ಷರವನ್ನೂ ಸೇರಿಸಿಕೊಳ್ಳುವುದಿಲ್ಲ.’

ಅವನು ಕಳಿಸಿದ್ದೇ ತಡ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತುಸು ಹೊತ್ತಿಗೆ ಮತ್ತೆ ಶುರುವಾಯಿತು. ಆಗಲೇ ಅವನ ಮೊಬೈಲೂ ಟಿಣ್ ಎಂದಿತು.

ಜಗಳಕ್ಕೆ ಸಜ್ಜಾಗಿ ತೆರೆದ. ಕರಿಕಂಬಳಿಯ ಉತ್ತರದಲ್ಲಿ ಬೈಗುಳವಿರಲಿಲ್ಲ. ಅವನ ಮದುವೆಯ ದಿನ, ಹೊಸಿಲಲ್ಲಿ ಅಕ್ಕಿಯ ಸೇರು ಒದೆಯುವ ಮುನ್ನ ಮದುಮಗಳ ಬಾಯಲ್ಲಿ ಕೇಳಿದ್ದಂಥ, ಗಂಡನ ಹೆಸರು ಹೆಣೆದ ಒಡಪೊಂದಿತ್ತು:

“ಚಪಳಗಾಂವ ಕಂಬಳಿ ಹೊದ್ರ ಮೈಯೆಲ್ಲ ಬೆಚ್ಚಗ, ಯುವರಾಜರ ಹೆಸರ ಹೇಳತೀನಿ, ಸಿಟ್ಟ ಬಿಟ್ಟು ಆಗ್ರಿ ತಣ್ಣಗ.”