ಮೇಲೆ ನಿಂತ ಹುಡುಗಿ

ಪ್ರತಿ ಸಲ ಹಡಗು ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರು ದಿನವಿಡೀ ದ್ವೀಪ ಸುತ್ತುವಾಗ ಮುತ್ತಕ್ಕ ಜೆಟ್ಟಿಯಲ್ಲಿ ನಿಂತು ಕೈಬೀಸುತ್ತಿದ್ದಳು. ಹಡಗಿನ ತಳದಲ್ಲಿ ಬಟ್ಟೆ ಒಗೆಯುವ ಅವಳ ಮಗಳಿಗೆ ಇಳಿಯಲು ಅಪ್ಪಣೆಯಿರಲಿಲ್ಲ. ತಾಯಿ ನಿಂತಷ್ಟು ಹೊತ್ತು ಮಾತ್ರ ಹಡಗಿನ ಮೇಲ್ಗಡೆ ಬಂದು ಕೈಬೀಸಬಹುದಿತ್ತು.

ಆ ಮಗಳು ಜ್ವರದಿಂದ ತೀರಿಕೊಂಡ ಸುದ್ದಿ ಮುಟ್ಟಿದ್ದು ನೆರೆಮನೆಯ ಪದ್ದುವಿಗೆ. ಹೇಳಲು ಬಾಯಿ ಬರದೆ ಅವಳು ಹಡಗಿನವರ ಕೈಕಾಲು ಹಿಡಿದು, ಪ್ರತಿಸಲವೂ ಮಗಳ ಜಾಗದಲ್ಲಿ ಬೇರೊಬ್ಬ ಕೆಲಸದ ಹುಡುಗಿಯನ್ನು ಮೇಲೆ ನಿಲ್ಲಿಸುತ್ತಿದ್ದಳು.

ಈ ಸಲ ಬಿಸಿಲಿಗೆ ಮುದುಕಿಯ ಕಾಲು ಸೋತವು.

"ಸಾಕು ಮುತ್ತಕ್ಕ, ಮನೆಗೆ ಹೋಗುವ. ಮಗಳು ನಿಮ್ಮನ್ನು ಕಂಡಾಯ್ತಲ್ಲ," ಅಂದಳು ಪದ್ದು.

ಮುತ್ತಕ್ಕ ಕೈ ಇಳಿಸಲಿಲ್ಲ. "ನನ್ನ ಮಗಳು ಇಲ್ಲ ಅಂತ ನಂಗೆ ಗೊತ್ತುಂಟು ಪದ್ದು. ನಾನು ಹೋದ್ರೆ ಆ ಕೂಸನ್ನು ಮತ್ತೆ ಕೆಳಗಿನ ಕತ್ತಲೆಗೆ ಇಳಿಸ್ತಾರೆ."